ವಿಚ್ಛೇದನದ ವಕೀಲರನ್ನು ಹುಡುಕುವವರಿಗೆ

ತಂಗಿಯ ವಿಚ್ಛೇದನದ ಮೊಕದ್ದಮೆ ಮುಗಿದ ಮೇಲೆ, ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಇಂಥ ಮಾತು ಎದ್ದರೂ ನನಗೆ ಫೋನು ಬರುವುದು ವಾಡಿಕೆಯಾಗಿದೆ. ನಾನು ವಕೀಲೆಯಲ್ಲ, ತುಮಕೂರಿನ ಸಹಕಾರಿ ಬ್ಯಾಂಕೊಂದರಲ್ಲಿ ಸಾಲದ ಕಡತಗಳನ್ನು ಪರಿಶೀಲಿಸುವ ಕೆಲಸ ನನ್ನದು. ಆದರೆ ತಂಗಿಯ ಜೊತೆ ವಕೀಲರ ಕಚೇರಿಗಳಿಗೂ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯಕ್ಕೂ ಓಡಾಡಿದವಳು ನಾನೇ ಆದ್ದರಿಂದ, ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಒಳ್ಳೆಯ ಡೈವೋರ್ಸ್ ಲಾಯರ್ ಯಾರಾದರೂ ಗೊತ್ತೇ? ನಾನು ಹೆಸರು ಹೇಳುವ ಮೊದಲು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಬೇರೆಯಾಗಲು ಇಬ್ಬರಿಗೂ ಒಪ್ಪಿಗೆ ಇದೆಯೇ, ಒಬ್ಬರಿಗೆ ಮಾತ್ರವೇ? ಯಾವ ಬಗೆಯ ವಕೀಲರು ಬೇಕು, ಎಷ್ಟು ಕಾಲ ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬುದೆಲ್ಲ ಈ ಉತ್ತರದ ಮೇಲೆ ನಿಂತಿದೆ.

ನನಗೆ ಮನದಟ್ಟಾಗಿರುವ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಯಾಲಯ ಕೊನೆಗೆ ಕೊಡುವ ಡಿಕ್ರಿಯಲ್ಲಿ ವಿವಾಹ ವಿಸರ್ಜನೆಯಾಗಿದೆ ಎಂಬ ಮಾತು ಒಂದೇ ಸಾಲಿನದು. ಆ ಸಾಲಿನ ಹಿಂದುಮುಂದಿರುವ ಷರತ್ತುಗಳು, ಅಂದರೆ ಮಗು, ಮನೆ, ಸಾಲ, ಜೀವನಾಂಶ, ಒಡವೆ, ಇತರ ಕೇಸುಗಳು, ಮುಂದಿನ ಹತ್ತು ಹದಿನೈದು ವರ್ಷದ ಬದುಕನ್ನು ನಡೆಸುತ್ತವೆ. ಆದ್ದರಿಂದ ನ್ಯಾಯಾಲಯದ ಹಾಲ್‌ನಲ್ಲಿ ಗಟ್ಟಿಯಾಗಿ ಮಾತಾಡುವ ವಕೀಲರಿಗಿಂತ, ಕುಳಿತು ಷರತ್ತು ಬರೆಯಬಲ್ಲ ವಕೀಲರನ್ನು ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಬ್ಬರಿಗೂ ಒಪ್ಪಿಗೆಯಿದ್ದರೆ ದಾರಿ ಸರಳ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ ಸೆಕ್ಷನ್ 13ಬಿ ಪ್ರಕಾರ, ಕನಿಷ್ಠ ಒಂದು ವರ್ಷ ಬೇರೆ ಬೇರೆಯಾಗಿ ಬಾಳಿರುವ ದಂಪತಿ, ಇನ್ನು ಒಟ್ಟಿಗೆ ಇರಲಾಗದೆಂದು ಒಪ್ಪಿ ಜಂಟಿ ಅರ್ಜಿ ಸಲ್ಲಿಸಬಹುದು. ಬೇರೆಯಾಗಿ ಬಾಳುವುದೆಂದರೆ ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಬೆಂಗಳೂರಿನಂಥ ಊರಿನಲ್ಲಿ ಎರಡು ಬಾಡಿಗೆ ಕಟ್ಟಲಾಗದೆ ಎರಡು ಕೋಣೆಗಳಲ್ಲಿ ದಿನ ತಳ್ಳುತ್ತಿರುವವರಿಗೆ ಈ ಮಾತು ಮುಖ್ಯ. ಅರ್ಜಿ ಸಲ್ಲಿಸಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳು ದಾಟುವುದರೊಳಗೆ, ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ನಿಂತು ತಮ್ಮ ಒಪ್ಪಿಗೆಯನ್ನು ದೃಢಪಡಿಸಬೇಕು. ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂಬುದೂ ಅದೇ 1991ರ ತೀರ್ಪಿನಲ್ಲಿದೆ. ಹಣವೆಲ್ಲ ಮೊದಲ ದಿನವೇ ಕೈಬಿಟ್ಟು ಹೋದರೆ, ಅಥವಾ ಆಸ್ತಿ ಬರೆದುಕೊಟ್ಟ ಮೇಲೆ ಎದುರಿನವರು ಮನಸ್ಸು ಬದಲಿಸಿದರೆ ಏನು ಗತಿ ಎಂದು ವಕೀಲರು ಯೋಚಿಸಿರಬೇಕಾದದ್ದು ಇದಕ್ಕಾಗಿಯೇ.

ಆರು ತಿಂಗಳ ಕಾಯುವಿಕೆ ಕಡ್ಡಾಯವೇ ಎಂದು ಎಲ್ಲರೂ ಕೇಳುತ್ತಾರೆ. 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಡ್ಡಾಯವಲ್ಲ ಎಂದಿತು. ಅರ್ಜಿ ಸಲ್ಲಿಸುವ ಹೊತ್ತಿಗೇ ಒಂದೂವರೆ ವರ್ಷ ಬೇರೆಯಿದ್ದು, ರಾಜಿಯ ಯತ್ನಗಳೆಲ್ಲ ಮುಗಿದು, ಮಗು ಮತ್ತು ಜೀವನಾಂಶದ ವಿಷಯ ನಿಜಕ್ಕೂ ಇತ್ಯರ್ಥವಾಗಿದ್ದರೆ ನ್ಯಾಯಾಧೀಶರು ಅವಧಿಯನ್ನು ಮನ್ನಾ ಮಾಡಬಹುದು. ಮಾಡಲೇಬೇಕೆಂದಲ್ಲ. "ಒಂದೇ ತಿಂಗಳಲ್ಲಿ ಮುಗಿಸಿಕೊಡುತ್ತೇನೆ" ಎನ್ನುವ ವಕೀಲರು, ನೀವು ಬೇರೆಯಾಗಿ ಎಷ್ಟು ಕಾಲವಾಯಿತು ಎಂದು ಮೊದಲು ಕೇಳಿದರೇ ಇಲ್ಲವೇ ಎಂಬುದನ್ನು ಗಮನಿಸಿ. ಕೇಳದೆ ಕೊಟ್ಟ ಮಾತಿಗೆ ಬೆಲೆಯಿಲ್ಲ. ಮದುವೆಯಾಗಿ ಒಂದು ವರ್ಷ ತುಂಬುವ ಮುನ್ನ ವಿಚ್ಛೇದನದ ಅರ್ಜಿ ಹಾಕಲು ಸೆಕ್ಷನ್ 14 ಬಿಡುವುದಿಲ್ಲ. ಅಸಾಧಾರಣ ಕಷ್ಟವಿದೆಯೆಂದು ತೋರಿಸಿ ವಿಶೇಷ ಅನುಮತಿ ಪಡೆಯಬೇಕಾಗುತ್ತದೆ.

ಒಬ್ಬರಿಗೆ ಮಾತ್ರ ಬೇಕಾಗಿದ್ದರೆ ಕಥೆ ಬೇರೆ. ಆಗ ಸೆಕ್ಷನ್ 13ರಲ್ಲಿರುವ ಕಾರಣಗಳಲ್ಲಿ ಒಂದನ್ನಾದರೂ ಸಾಬೀತುಪಡಿಸಬೇಕು: ವ್ಯಭಿಚಾರ, ಕ್ರೌರ್ಯ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಪರಿತ್ಯಾಗ, ಮತಾಂತರ, ಗುಣವಾಗದ ಮಾನಸಿಕ ಕಾಯಿಲೆ, ಏಳು ವರ್ಷ ಸುಳಿವೇ ಇಲ್ಲದಿರುವುದು ಮುಂತಾದವು. ಹೆಚ್ಚಿನ ಅರ್ಜಿಗಳು ಕ್ರೌರ್ಯ ಮತ್ತು ಪರಿತ್ಯಾಗದ ಮೇಲೆ ನಡೆಯುತ್ತವೆ. ಕ್ರೌರ್ಯದಲ್ಲಿ ಮಾನಸಿಕ ಕ್ರೌರ್ಯವೂ ಸೇರುತ್ತದೆ, ಆದರೆ ಸಂಸಾರದ ದಿನನಿತ್ಯದ ಜಗಳವನ್ನು ನ್ಯಾಯಾಲಯ ಕ್ರೌರ್ಯವೆಂದು ಒಪ್ಪುವುದಿಲ್ಲ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. "ನಮ್ಮ ಮದುವೆ ಸತ್ತು ಎಷ್ಟೋ ವರ್ಷವಾಯಿತು, ಅಷ್ಟು ಸಾಲದೇ?" ಎಂದು ಕೇಳುತ್ತಾರೆ. ಸರಿಪಡಿಸಲಾಗದಂತೆ ಮುರಿದುಬಿದ್ದಿದೆ ಎಂಬುದು ಹಿಂದೂ ವಿವಾಹ ಕಾಯ್ದೆಯಲ್ಲಿ ಇಂದಿಗೂ ಒಂದು ಕಾರಣವಲ್ಲ. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ತೀರ್ಪಿನ ಪ್ರಕಾರ, ಆ ನೆಲೆಯಲ್ಲಿ ಮದುವೆಯನ್ನು ವಿಸರ್ಜಿಸುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ಅದೂ ಅದರ ವಿವೇಚನೆಗೆ ಬಿಟ್ಟದ್ದು, ಯಾರೂ ಹಕ್ಕಿನಂತೆ ಕೇಳುವಂತಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಸಾಕ್ಷ್ಯ, ಮುಖ್ಯ ವಿಚಾರಣೆ, ಪಾಟೀ ಸವಾಲು ಎಲ್ಲವನ್ನೂ ದಾಟಿಯೇ ಹೋಗಬೇಕು, ಅದು ವರ್ಷಗಟ್ಟಲೆ ಹಿಡಿಯುತ್ತದೆ. ಇಂಥ ಕೇಸಿಗೆ ಪಾಟೀ ಸವಾಲು ಮಾಡಿ ಪಳಗಿದವರೇ ಬೇಕು.

ಈಗ ಹುಡುಕುವ ಮಾತು. ಭಾರತದ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ದಲ್ಲಾಳಿಗಳ ಮೂಲಕ ಕಕ್ಷಿದಾರರನ್ನು ಸೆಳೆಯುವಂತಿಲ್ಲ. ಹಾಗಿರುವಾಗ ಅಂತರ್ಜಾಲದಲ್ಲಿ ಕಾಣುವ "ನಂಬರ್ ಒನ್" ಪಟ್ಟಿಗಳನ್ನು ಎಷ್ಟು ನಂಬಬೇಕೆಂಬುದನ್ನು ನೀವೇ ತೂಗಿ ನೋಡಿ. ನನ್ನ ಅನುಭವದಲ್ಲಿ ಉಪಯೋಗಕ್ಕೆ ಬಂದದ್ದು ಹಳೆಯ ದಾರಿಯೇ. ನಮ್ಮ ಬ್ಯಾಂಕಿನ ಸಿವಿಲ್ ದಾವೆಗಳನ್ನು ನೋಡುವ ವಕೀಲರನ್ನು, ನಿಮ್ಮ ಸ್ವಂತ ಮಗಳಿಗಾದರೆ ಯಾರ ಹತ್ತಿರ ಕಳಿಸುತ್ತೀರಿ ಎಂದು ಕೇಳಿದೆ. ಕೌಟುಂಬಿಕ ಕೇಸು ತೆಗೆದುಕೊಳ್ಳದ ವಕೀಲರಿಗೆ ತಮ್ಮ ವೃತ್ತಿಬಾಂಧವರಲ್ಲಿ ಯಾರು ಹೇಗೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ, ಮುಚ್ಚಿಡಲು ಕಾರಣವೂ ಇರುವುದಿಲ್ಲ. ಅವರು ಕೊಟ್ಟ ಹೆಸರುಗಳನ್ನು, ನ್ಯಾಯಾಲಯಗಳ ಕೇಸುಗಳ ಮಾಹಿತಿ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಬಹುದು. ವಕೀಲರ ಹೆಸರಿನಿಂದಲೇ ಹುಡುಕುವ ಸೌಲಭ್ಯ ಅಲ್ಲಿದೆ. ಎಂ.ಸಿ. ಎಂಬ ಸಂಖ್ಯೆಯ ಕೇಸುಗಳು ಅಂದರೆ ವಿವಾಹ ಸಂಬಂಧಿ ಪ್ರಕರಣಗಳು ಅವರ ಹೆಸರಿನಲ್ಲಿ ಎಷ್ಟಿವೆ, ಯಾವ ಊರಿನ ನ್ಯಾಯಾಲಯದಲ್ಲಿವೆ ಎಂದು ತಿಳಿಯುತ್ತದೆ. ಜಮೀನಿನ ವ್ಯಾಜ್ಯಗಳೇ ತುಂಬಿರುವ ಪಟ್ಟಿಯಲ್ಲಿ ಎಂ.ಸಿ. ಒಂದೆರಡೇ ಇದ್ದರೆ, ಅವರು ಎಷ್ಟೇ ಬುದ್ಧಿವಂತರಾದರೂ ಮುಂದೆ ನೋಡುವುದು ಮೇಲು. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೆಎಆರ್ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಅದನ್ನು ಕೇಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಹಣವಿಲ್ಲದವರು ವಕೀಲರಿಲ್ಲದೆ ಉಳಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಯರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದ ಗಂಡಸರು ಕೂಡ ಅರ್ಹರು. ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, 15100 ಸಹಾಯವಾಣಿಯೂ ಇದೆ. ಉಚಿತವಾಗಿ ಸಿಗುವ ವಕೀಲರು ಕಳಪೆ ಎಂಬ ಮಾತನ್ನು ನಮ್ಮ ಸಂಬಂಧಿಕರ ಬಾಯಲ್ಲೇ ಕೇಳಿದ್ದೇನೆ. ಲಕ್ಷ ಲಕ್ಷ ತೆಗೆದುಕೊಂಡು ವಾಯಿದೆಗೆ ಬಾರದವರನ್ನು ಕಂಡ ಮೇಲೆ ಆ ಮಾತಿಗೆ ನಾನು ತಲೆಯಾಡಿಸುವುದಿಲ್ಲ.

ಮೊದಲ ಭೇಟಿಯಲ್ಲಿ ವಕೀಲರು ಏನು ಹೇಳುತ್ತಾರೆ ಎಂಬುದಕ್ಕಿಂತ ಏನು ಕೇಳುತ್ತಾರೆ ಎಂಬುದನ್ನು ನೋಡಿ. ಸಂಬಂಧಿಕರೊಬ್ಬರ ಮಾತಿನ ಮೇಲೆ ನಾವು ಮೊದಲು ಹೋದ ಕಚೇರಿಯಲ್ಲಿ, ತಂಗಿ ಬಾಯಿ ತೆರೆದು ಇನ್ನೂ ನಾಲ್ಕು ಮಾತು ಆಡಿರಲಿಲ್ಲ, ಅಷ್ಟರಲ್ಲಿ ವಕೀಲರು "ಐವತ್ತು ಲಕ್ಷಕ್ಕೆ ಕಡಿಮೆ ಇಲ್ಲದಂಗೆ ಮಾಡ್ತೀನಿ ಮೇಡಂ, ಮೊದಲು ಮೂರು ಕೇಸು ಹಾಕೋಣ, ತಾನಾಗೇ ದಾರಿಗೆ ಬರ್ತಾನೆ" ಎಂದರು. ತಂಗಿಯ ಗಂಡನ ಸಂಬಳವೆಷ್ಟು ಎಂದು ಅವರು ಕೇಳಿರಲಿಲ್ಲ. ತಂಗಿಗೆ ದುಡ್ಡಿಗಿಂತ ಮಗಳು ಮುಖ್ಯ ಎಂಬುದು ಅವರಿಗೆ ತಿಳಿಯುವ ಸಂದರ್ಭವೇ ಬರಲಿಲ್ಲ. ಗಾಂಧಿನಗರದಲ್ಲಿ ನಾವು ಆಮೇಲೆ ಕಂಡ ಹಿರಿಯ ವಕೀಲೆ, ತಂಗಿ ಅಳುತ್ತಾ ಮಾತು ಆರಂಭಿಸಿದಾಗ ನೀರಿನ ಲೋಟ ಮುಂದಿಟ್ಟು ಹೇಳಿದರು: "ಅವರು ಏನೇನು ಮಾಡಿದ್ರು ಅನ್ನೋದನ್ನ ಆಮೇಲೆ ಕೇಳ್ತೀನಮ್ಮಾ. ನೀವಿಬ್ಬರೂ ಕೊನೇಲಿ ಒಟ್ಟಿಗೆ ಇದ್ದ ಮನೆ ಯಾವ ಊರಲ್ಲಿತ್ತು, ಈಗ ನೀನು ಎಲ್ಲಿದೀಯ, ಮದುವೆ ಎಲ್ಲಾಯ್ತು, ಮೊದಲು ಅದನ್ನ ಹೇಳು." ಅರ್ಜಿಯನ್ನು ಯಾವ ಊರಿನಲ್ಲಿ ಹಾಕಬಹುದೆಂಬುದನ್ನು ತೀರ್ಮಾನಿಸುವ ಪ್ರಶ್ನೆಗಳವು. ಮದುವೆ ನಡೆದ ಊರು, ಎದುರಿನವರು ವಾಸವಿರುವ ಊರು, ಇಬ್ಬರೂ ಕೊನೆಯದಾಗಿ ಒಟ್ಟಿಗಿದ್ದ ಊರು, ಇವುಗಳ ಜೊತೆಗೆ 2003ರ ತಿದ್ದುಪಡಿಯ ನಂತರ, ಹೆಂಡತಿಯೇ ಅರ್ಜಿದಾರಳಾದರೆ ಅವಳು ಈಗ ವಾಸವಿರುವ ಊರಿನಲ್ಲೂ ಅರ್ಜಿ ಹಾಕಬಹುದು. ಕೌಟುಂಬಿಕ ನ್ಯಾಯಾಲಯವಿಲ್ಲದ ಕಡೆ ಅಲ್ಲಿನ ಸಿವಿಲ್ ನ್ಯಾಯಾಲಯವೇ ಇದನ್ನು ನೋಡುತ್ತದೆ.

ಆ ವಕೀಲೆ ಹಳೆಯ ಕಾಸ್ ಲಿಸ್ಟಿನ, ಅಂದರೆ ನ್ಯಾಯಾಲಯದ ದಿನದ ಕೇಸುಗಳ ಪಟ್ಟಿಯ, ಹಿಂಬದಿಯಲ್ಲಿ ನಮಗೊಂದು ಪಟ್ಟಿ ಬರೆದುಕೊಟ್ಟರು: ಲಗ್ನಪತ್ರಿಕೆ, ಮದುವೆಯ ಫೋಟೊ, ವಿವಾಹ ನೋಂದಣಿ ಪತ್ರ, ಇಬ್ಬರ ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಆದಾಯ ತೆರಿಗೆಯ ವಿವರ, ಬ್ಯಾಂಕ್ ಪಾಸ್‌ಬುಕ್, ಮನೆ ಸಾಲದ ಪತ್ರಗಳು, ಶಾಲೆಯ ಶುಲ್ಕದ ರಸೀದಿ, ಚಿನ್ನದ ಬಿಲ್ಲು. ಕೊನೆಯಲ್ಲಿ, ಮದುವೆಯಿಂದ ಈವರೆಗೆ ನಡೆದದ್ದನ್ನು ಎರಡು ಪುಟದೊಳಗೆ ಬರೆದು ತರಬೇಕು ಎಂದಿತ್ತು. "ಬೈಗುಳ ಬೇಡ, ತಾರೀಖು ಬೇಕು" ಎಂದು ಅದರ ಕೆಳಗೆ ಗೆರೆ ಎಳೆದಿದ್ದರು. ಕಡತ ನೋಡಿ ಬದುಕುವ ನನಗೆ ಆ ಗೆರೆ ಕಂಡೊಡನೆ ಇವರೇ ಸರಿ ಅನ್ನಿಸಿತು.

ಫೀಸಿನ ವಿಷಯದಲ್ಲಿ ನಾಚಿಕೆ ಬೇಡ. ಅರ್ಜಿ, ಮಧ್ಯಂತರ ಅರ್ಜಿಗಳು, ಸಾಕ್ಷ್ಯ, ವಾದ, ಹೀಗೆ ಹಂತ ಹಂತಕ್ಕೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಬೇಕು, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು. ನ್ಯಾಯಾಲಯದ ಶುಲ್ಕ ಇಂಥ ಅರ್ಜಿಗಳಿಗೆ ಅತ್ಯಲ್ಪ. "ಕೋರ್ಟ್ ಫೀ" ಎಂದು ದೊಡ್ಡ ಮೊತ್ತ ಹೇಳಿದರೆ ಲೆಕ್ಕ ಕೇಳಿ. ಬರುವ ಜೀವನಾಂಶದಲ್ಲಿ ಶೇಕಡಾ ಇಷ್ಟು ಎಂದು ವಕೀಲರು ಕೇಳುವಂತಿಲ್ಲ, ಫಲಿತಾಂಶದ ಮೇಲೆ ಫೀಸು ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ವಾಯಿದೆಗೆ ಬರುವವರು ತಾವೋ ತಮ್ಮ ಜೂನಿಯರೋ ಎಂಬುದನ್ನೂ ಕೇಳಿಕೊಳ್ಳಿ. ಜೂನಿಯರ್ ಬರುವುದು ತಪ್ಪಲ್ಲ, ಯಾವ ದಿನ ಯಾರು ಎಂಬುದು ಮೊದಲೇ ತಿಳಿದಿದ್ದರೆ ಆಯಿತು. ವಕಾಲತ್ತನ್ನು, ಅಂದರೆ ನಿಮ್ಮ ಪರ ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರವನ್ನು, ಓದಿ ಸಹಿ ಮಾಡಿ, ಖಾಲಿ ಛಾಪಾ ಕಾಗದಕ್ಕೆ ಮಾತ್ರ ಯಾವ ಕಾರಣಕ್ಕೂ ಸಹಿ ಬೇಡ.

ವಕೀಲರು ಸರಿಹೋಗದಿದ್ದರೆ ಬದಲಿಸಬಹುದು. ಹಳೆಯ ವಕೀಲರಿಂದ ನಿರಾಕ್ಷೇಪಣೆ ಪಡೆದು ಹೊಸಬರು ವಕಾಲತ್ತು ಹಾಕುವುದು ಪದ್ಧತಿ. ಅವರು ಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿಯಿದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಸ್ಪಷ್ಟಪಡಿಸಿದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಒಬ್ಬರ ಹಿಂದೆಯೇ ಅಲೆಯುವವರಿದ್ದಾರೆ. ದುರ್ನಡತೆಯ ದೂರನ್ನು ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. ಗ್ರಾಹಕರ ವೇದಿಕೆಗೆ ಹೋಗುವ ದಾರಿಯನ್ನು 2024ರ ಮೇ ತಿಂಗಳ ತೀರ್ಪು ಮುಚ್ಚಿದೆ.

ಜೀವನಾಂಶದ ಬಗ್ಗೆ ಕೇಳಿಬರುವಷ್ಟು ತಪ್ಪು ಕಲ್ಪನೆಗಳು ಇನ್ನಾವುದರ ಬಗ್ಗೆಯೂ ಇಲ್ಲ. ಸಂಬಳದ ಮೂರನೇ ಒಂದು ಭಾಗ ಸಿಕ್ಕೇ ಸಿಗುತ್ತದೆ ಎಂದು ಒಬ್ಬರು, ಕೆಲಸಕ್ಕೆ ಹೋಗುವ ಹೆಂಡತಿಗೆ ಬಿಡಿಗಾಸೂ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ನಿಯಮವಲ್ಲ. ನಿಗದಿತ ಪ್ರಮಾಣ ಎಂಬುದು ಕಾಯ್ದೆಯಲ್ಲಿಲ್ಲ. ಇಬ್ಬರ ಆದಾಯ, ಅಗತ್ಯ, ಜವಾಬ್ದಾರಿ, ಮದುವೆಯಲ್ಲಿದ್ದಾಗಿನ ಜೀವನಮಟ್ಟ, ಮಗುವಿಗಾಗಿ ಬಿಟ್ಟ ಉದ್ಯೋಗ ಎಲ್ಲವನ್ನೂ ನ್ಯಾಯಾಲಯ ತೂಗುತ್ತದೆ. ಕೇಸು ನಡೆಯುತ್ತಿರುವಾಗ ಸಿಗುವ ಮಧ್ಯಂತರ ಜೀವನಾಂಶವನ್ನು ಸೆಕ್ಷನ್ 24ರಡಿ ಹೆಂಡತಿಯಷ್ಟೇ ಅಲ್ಲ, ಸ್ವಂತ ಆದಾಯವಿಲ್ಲದ ಗಂಡನೂ ಕೇಳಬಹುದು. ಸಿಆರ್‌ಪಿಸಿಯ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, ಜೀವನಾಂಶದ 125ನೇ ಸೆಕ್ಷನ್ ಎಂದು ಎಲ್ಲರ ಬಾಯಲ್ಲಿರುವುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. 2020ರ ನವೆಂಬರಿನಲ್ಲಿ ಬಂದ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚುಗಳನ್ನು ಅಫಿಡವಿಟ್ ಮೂಲಕ ಬಯಲು ಮಾಡಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು. ಆ ಅಫಿಡವಿಟ್ಟಿನಲ್ಲಿ ಒಂದು ಎಲ್‌ಐಸಿ ಪಾಲಿಸಿಯನ್ನೋ ಊರಿನ ಜಂಟಿ ಖಾತೆಯ ಜಮೀನನ್ನೋ ಬಚ್ಚಿಟ್ಟು ಸಿಕ್ಕಿಬಿದ್ದರೆ, ಉಳಿದ ಸತ್ಯಕ್ಕೂ ಬೆಲೆ ಹೋಗುತ್ತದೆ. ನಿಮ್ಮ ವಕೀಲರೇ ಬಚ್ಚಿಡಲು ಹೇಳಿದರೆ ಆ ಕಚೇರಿಯಿಂದ ಎದ್ದು ಬನ್ನಿ.

ಆಸ್ತಿಯಲ್ಲಿ ಅರ್ಧ ಸಿಗುತ್ತದೆಯೇ ಎಂದು ಕೇಳುವವರು ಬೇರೆ ದೇಶದ ಸುದ್ದಿ ಓದಿರುತ್ತಾರೆ. ನಮ್ಮಲ್ಲಿ ಮದುವೆಯ ನಂತರದ ಆಸ್ತಿ ತಾನಾಗಿ ಇಬ್ಬರದಾಗುವುದಿಲ್ಲ. ಪತ್ರ ಯಾರ ಹೆಸರಿನಲ್ಲಿದೆ, ಹಣ ಯಾರದು ಎಂಬುದು ಪ್ರಶ್ನೆ. ಸ್ತ್ರೀಧನ, ಅಂದರೆ ಅವಳಿಗೆಂದು ಕೊಟ್ಟ ಒಡವೆ ಉಡುಗೊರೆಗಳು, ಮಾತ್ರ ಹೆಂಡತಿಯದೇ, ಅದು ಅತ್ತೆಯ ಬೀರುವಿನಲ್ಲಿದ್ದರೂ ಅವಳದೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೆ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಡುತ್ತದೆ, ಅದು ಒಡೆತನವಲ್ಲ. ಮಗುವಿನ ವಿಷಯದಲ್ಲಿ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಕಾಯ್ದೆ ಹೇಳುತ್ತದಾದರೂ ಕೊನೆಯ ಮಾತು ಮಗುವಿನ ಹಿತದ್ದು. ಗುಟ್ಟಾಗಿ ಧ್ವನಿಮುದ್ರಿಸಿದ ಗಂಡ ಹೆಂಡಿರ ಮಾತುಕತೆಯನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಈ ಕಾಲದಲ್ಲಿ ಫೋನಿನಲ್ಲಿ ಕೂಗಾಡುವವರು ಇದನ್ನು ನೆನಪಿಟ್ಟುಕೊಳ್ಳುವುದು ಕ್ಷೇಮ.

ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ವಿರುದ್ಧದ ಕ್ರಿಮಿನಲ್ ಕೇಸಾದ 498ಎ ಬಗ್ಗೆ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ನನ್ನ ನಿಲುವು ನೇರವಾದದ್ದು. ಹೊಡೆತ ತಿಂದವಳು, ವರದಕ್ಷಿಣೆಗಾಗಿ ಹಿಂಸೆ ಅನುಭವಿಸಿದವಳು ದೂರು ಕೊಡಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಆದರೆ ಚೌಕಾಸಿಗೊಂದು ಆಯುಧವಾಗಲೆಂದು ಕೇಸು ಹಾಕಿಸುವ ವಕೀಲರು ಕಕ್ಷಿದಾರಳಿಗೆ ಉಪಕಾರ ಮಾಡುತ್ತಿಲ್ಲ. ಅದು ಮನೆಯವರು ತಾವೇ ಹಿಂತೆಗೆದುಕೊಳ್ಳುವ ಕೇಸಲ್ಲ. ರಾಜಿಯಾದ ಮೇಲೂ ಹೈಕೋರ್ಟಿಗೆ ಹೋಗಿ ರದ್ದುಪಡಿಸಿಕೊಂಡು ಬರಬೇಕು. ಅದಕ್ಕೆ ಮತ್ತೊಂದು ಫೀಸು, ಮತ್ತಷ್ಟು ಕಾಲ.

ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸಲೇಬೇಕೆಂದು 1984ರ ಕಾಯ್ದೆ ಹೇಳುತ್ತದೆ. ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವೂ ನ್ಯಾಯದೇಗುಲದಲ್ಲೇ ಇದೆ. ಒಂದುಗೂಡಿಸುವುದಷ್ಟೇ ಮಧ್ಯಸ್ಥಗಾರರ ಕೆಲಸ ಎಂದು ಹೆದರಿ ಕೆಲವರು ಹೋಗುವುದೇ ಇಲ್ಲ. ಬೇರೆಯಾಗುವ ಷರತ್ತುಗಳು ಕುದುರುವುದು ಕೂಡ ಆ ಮೇಜಿನ ಸುತ್ತಲೇ, ಅಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ತಂಗಿಯ ಕೇಸಿನಲ್ಲಿ ಎದುರು ಪಕ್ಷದ ಕರಡಿನಲ್ಲಿ, ಮಗು ತಾಯಿಯ ಬಳಿ ಇರತಕ್ಕದ್ದು, ಭೇಟಿಗೆ ತಂದೆಗೆ ಸೂಕ್ತ ಅವಕಾಶವಿರತಕ್ಕದ್ದು ಎಂಬರ್ಥದ ಒಂದೇ ವಾಕ್ಯವಿತ್ತು. ನಮ್ಮ ವಕೀಲೆ "ಸೂಕ್ತ" ಎಂಬುದರ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ಯಾವ ವಾರ? ಎಷ್ಟು ಗಂಟೆಗೆ? ಕರೆತರುವವರು ಯಾರು?" ಎಂದು ಬರೆದರು. ಕೊನೆಗೆ ಆ ವಾಕ್ಯ ಒಂದೂವರೆ ಪುಟವಾಯಿತು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಸಂಜೆ ಐದರವರೆಗೆ ತಂದೆಯ ಬಳಿ. ದಸರಾ ರಜೆಯ ಅರ್ಧ, ಬೇಸಿಗೆ ರಜೆಯಲ್ಲಿ ಎರಡು ವಾರ. ಬುಧವಾರ ಸಂಜೆ ವಿಡಿಯೊ ಕರೆ. ಶಾಲೆಯ ಶುಲ್ಕ ಜೂನ್ ತಿಂಗಳೊಳಗೆ ನೇರವಾಗಿ ಶಾಲೆಯ ಖಾತೆಗೆ. ಪಾಸ್‌ಪೋರ್ಟ್ ತಾಯಿಯ ಬಳಿ, ನವೀಕರಣಕ್ಕೆ ತಂದೆ ಸಹಿ ಮಾಡತಕ್ಕದ್ದು. ಮಗುವಿಗೆ ಜ್ವರ ಬಂದು ಒಂದು ಶನಿವಾರ ತಪ್ಪಿದರೆ ಮುಂದಿನ ಶನಿವಾರ. ಈ ಕೊನೆಯ ಸಾಲನ್ನು ಸೇರಿಸಲು ಹೇಳಿದವರು ತಂಗಿಯ ಗಂಡನೇ. ಇಷ್ಟು ವಿವರ ಬರೆಯುವುದು ಅಪನಂಬಿಕೆಯ ಲಕ್ಷಣವೆಂದು ನಮ್ಮ ತಂದೆ ಗೊಣಗಿದರು. ನನಗೆ ಹಾಗೆ ಅನ್ನಿಸಲಿಲ್ಲ; ಬರೆದಿಟ್ಟದ್ದರಿಂದ ಅವರಿಬ್ಬರೂ ಪ್ರತಿ ವಾರ ಮಾತಿಗೆ ಮಾತು ಬೆಳೆಸುವ ಅಗತ್ಯವೇ ತಪ್ಪಿತು.

ಮನೆ ಸಾಲದ ಷರತ್ತಿನಲ್ಲಿ ನನ್ನ ಕೆಲಸದ ಅನುಭವ ಸಹಾಯಕ್ಕೆ ಬಂತು, ಬಹಳ ವಕೀಲರು ಇದನ್ನು ಬಿಟ್ಟುಬಿಡುತ್ತಾರಾದ್ದರಿಂದ ವಿವರಿಸುತ್ತೇನೆ. ಫ್ಲಾಟ್ ಗಂಡನಿಗೆ, ಕಂತು ಅವನದೇ ಎಂದು ಜಂಟಿ ಅರ್ಜಿಯಲ್ಲಿ ಬರೆದ ಮಾತ್ರಕ್ಕೆ ಬ್ಯಾಂಕಿನ ದಾಖಲೆಯಿಂದ ಹೆಂಡತಿಯ ಹೆಸರು ಹೋಗುವುದಿಲ್ಲ. ಅವಳು ಸಹ ಸಾಲಗಾರಳಾಗಿ ಸಹಿ ಹಾಕಿದ್ದರೆ, ಬ್ಯಾಂಕು ಬಿಡುಗಡೆ ಮಾಡುವವರೆಗೆ ಅವಳೂ ಹೊಣೆಗಾರಳೇ. ಅವನು ಕಂತು ತಪ್ಪಿಸಿದರೆ ನೋಟಿಸು ಅವಳಿಗೂ ಬರುತ್ತದೆ, ಸಾಲ ತೀರಿಸುವ ನಡವಳಿಕೆಗೆ ಸಿಗುವ ಅವಳ ಸಿಬಿಲ್ ಅಂಕವೂ ಬೀಳುತ್ತದೆ. ಆದ್ದರಿಂದ ಎರಡನೆಯ ಬಾರಿ ನ್ಯಾಯಾಲಯಕ್ಕೆ ಹಾಜರಾಗುವ ಮೊದಲೇ ಬ್ಯಾಂಕಿನಿಂದ ಬಿಡುಗಡೆಯ ಪತ್ರ ಬರಬೇಕು, ಆಸ್ತಿಯಲ್ಲಿ ಅವಳ ಪಾಲಿದ್ದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು, ಒಟ್ಟು ಮೊತ್ತದ ಕೊನೆಯ ಕಂತಿನ ಡಿಡಿಯನ್ನು ನ್ಯಾಯಾಧೀಶರ ಮುಂದೆಯೇ ಕೊಡಬೇಕು ಎಂದು ಕ್ರಮ ಹಾಕಿಕೊಂಡೆವು. ಒಬ್ಬರು ಕೊಟ್ಟು ಇನ್ನೊಬ್ಬರು ಕೈಎತ್ತುವ ಭಯ ಇದರಿಂದ ಎರಡೂ ಕಡೆಯವರಿಗೆ ಕಡಿಮೆಯಾಗುತ್ತದೆ.

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವ ನಮ್ಮವರು ಕೇಳುವ ಪ್ರಶ್ನೆ ಬೇರೆ: ಅಲ್ಲಿ ತೆಗೆದುಕೊಂಡ ಡಿಕ್ರಿ ಇಲ್ಲಿ ನಡೆಯುತ್ತದೆಯೇ? ಇಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯನ್ನು, ಆ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಎದುರಿನವರು ಆ ನ್ಯಾಯಾಲಯಕ್ಕೆ ಒಪ್ಪಿ ಹಾಜರಾಗದೆ ಇರುವಾಗ ವಿದೇಶದ ನ್ಯಾಯಾಲಯ ಮುರಿದರೆ ಅದನ್ನು ಇಲ್ಲಿ ಮಾನ್ಯ ಮಾಡಲಾಗದು ಎಂಬುದು 1991ರ ಸುಪ್ರೀಂ ಕೋರ್ಟ್ ತೀರ್ಪಿನ ತಿರುಳು. ಇಬ್ಬರೂ ಒಪ್ಪಿದ್ದರೆ ತೊಂದರೆ ಕಡಿಮೆ. ಮಗುವನ್ನು ಕರೆದುಕೊಂಡು ಊರಿಗೆ ಬಂದುಬಿಡುವ ಆಲೋಚನೆಯಿದ್ದವರು ಮಾತ್ರ ವಿಮಾನ ಹತ್ತುವ ಮುನ್ನ ಎರಡೂ ದೇಶದ ವಕೀಲರನ್ನು ಕೇಳಲೇಬೇಕು; ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲವಾದರೂ ಅಲ್ಲಿನ ನ್ಯಾಯಾಲಯಗಳು ಕೈಕಟ್ಟಿ ಕೂರುವುದಿಲ್ಲ.

ನಾನು ಬರೆದದ್ದು ಬಹುಪಾಲು ಹಿಂದೂ ವಿವಾಹ ಕಾಯ್ದೆಯ ಮಾತು. ರಿಜಿಸ್ಟ್ರಾರ್ ಮುಂದೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಹೆಚ್ಚುಕಡಿಮೆ ಇವೇ ನಿಯಮಗಳು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯೂ ಮುಸ್ಲಿಂ ಮಹಿಳೆಯರಿಗೆ 1939ರ ವಿವಾಹ ವಿಸರ್ಜನಾ ಕಾಯ್ದೆಯೂ ಇವೆ. ನಿಮ್ಮ ಮದುವೆ ಯಾವ ಕಾಯ್ದೆಯಡಿ ನಡೆದಿದೆ ಎಂದು ಮೊದಲ ಭೇಟಿಯಲ್ಲೇ ಕೇಳದ ವಕೀಲರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಮರುಮದುವೆ ಯಾವಾಗ ಆಗಬಹುದು ಎಂದು ಹಿರಿಯರು ಪಕ್ಕಕ್ಕೆ ಕರೆದು ಕೇಳುತ್ತಾರೆ. ಮೇಲ್ಮನವಿಯ ಅವಧಿ ಮುಗಿದಿರಬೇಕು, ಮೇಲ್ಮನವಿ ಬಾಕಿಯಿರಬಾರದು. ಆ ಅವಧಿಯನ್ನು ವಿವಾಹ ಕಾಯ್ದೆ 90 ದಿನ ಎಂದರೆ ಕೌಟುಂಬಿಕ ನ್ಯಾಯಾಲಯ ಕಾಯ್ದೆ 30 ದಿನ ಎನ್ನುತ್ತದೆ, ಹಾಗಾಗಿ 90 ದಿನ ಕಾಯುವುದೇ ಕ್ಷೇಮ. ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿಯಿಲ್ಲ, ಆದರೂ ಛತ್ರ ಗೊತ್ತುಮಾಡುವ ಮುನ್ನ ವಕೀಲರಿಂದ ಒಂದು ಮಾತು ಕೇಳಿಕೊಳ್ಳಿ. ಡಿಕ್ರಿಯ ದೃಢೀಕೃತ ನಕಲಿಗೆ ಅರ್ಜಿ ಹಾಕುವಾಗ ಒಂದೇ ಪ್ರತಿ ಸಾಕೆನ್ನಬೇಡಿ, ಮೂರ್ನಾಲ್ಕು ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಕಚೇರಿ, ಬ್ಯಾಂಕು, ಭವಿಷ್ಯನಿಧಿ, ಮಗುವಿನ ಶಾಲೆ, ಎಲ್ಲರೂ ಅದನ್ನೇ ಕೇಳುತ್ತಾರೆ. ವಿಮೆ ಮತ್ತು ಭವಿಷ್ಯನಿಧಿಯ ನಾಮನಿರ್ದೇಶನದಲ್ಲಿ ಹಳೆಯ ಹೆಸರು ಹಾಗೆಯೇ ಉಳಿದಿರುತ್ತದೆ. ಅದನ್ನು ಯಾವ ನ್ಯಾಯಾಲಯವೂ ನಿಮ್ಮ ಪರವಾಗಿ ಬದಲಿಸಿಕೊಡುವುದಿಲ್ಲ, ನೀವೇ ಹೋಗಿ ಬದಲಿಸಬೇಕು.